ಹರಳಿನ ಉಂಗುರ ಮಾಡಿಸ್ತೀರಾ? ಮೊದಲು ಕಲ್ಲು ಬಿಚ್ಚಿಸಿ ನೋಡಿ

ಅಮ್ಮನ ಕೆಂಪಿನ ಓಲೆ ಬೀರುವಿನಲ್ಲಿ ಸುಮ್ಮನೆ ಕೂತಿದೆ. ಹಳೇ ಕಾಲದ್ದು, ಭಾರ ಬೇರೆ. ಈಗ ಯಾರು ಹಾಕ್ತಾರೆ? ಅದರ ಹರಳು ತೆಗೆಸಿ, ನಮಗೆ ಬೇಕಾದ ಡಿಸೈನಿನಲ್ಲಿ ಒಂದು ಉಂಗುರ ಮಾಡಿಸಿಬಿಟ್ಟರೆ ದಿನಾ ಕಣ್ಣೆದುರಿಗೇ ಇರುತ್ತಲ್ಲ! ಇಂಥದೊಂದು ಆಸೆ ನಿಮಗೂ ಬಂದಿರಬಹುದು. ಒಳ್ಳೆಯ ಆಸೆಯೇ. ಆದರೆ ಅಂಗಡಿಗೆ ಹೋಗುವ ಮುಂಚೆ ನನ್ನ ಗೆಳತಿಯ ಕಥೆ ಕೇಳಿಬಿಡಿ.

ಅವಳ ತವರು ನರಸಿಂಹರಾಜಪುರ ತಾಲೂಕಿನ ಮುತ್ತಿನಕೊಪ್ಪ. ಅಡಿಕೆ ತೋಟದ ಮನೆ. ಅಮ್ಮ ತೀರಿಕೊಂಡ ಮೇಲೆ ಇವಳ ಪಾಲಿಗೆ ಬಂದದ್ದು ಒಂದು ಜೊತೆ ಓಲೆ, ಒಂದೊಂದರ ನಡುವೆಯೂ ದಪ್ಪನೆಯ ಒಂದು ಕೆಂಪು ಕಲ್ಲು. ಬೆಂಗಳೂರಿನ ಅಂಗಡಿಯೊಂದಕ್ಕೆ ಒಂದು ಓಲೆ ಕೊಟ್ಟು ಉಂಗುರಕ್ಕೆ ಹೇಳಿ ಬಂದಳು. ಹದಿನೈದು ದಿನಕ್ಕೆ ಉಂಗುರ ಬಂತು. ಕೆಲಸ ನಾಜೂಕಾಗಿತ್ತು. ಮನೆಗೆ ತಂದು ಉಳಿದ ಓಲೆಯ ಪಕ್ಕ ಇಟ್ಟು ನೋಡುತ್ತಾಳೆ, ಎದೆ ಧಸಕ್ಕೆಂದಿತು. ಓಲೆಯದು ದಾಳಿಂಬೆ ಕಾಳಿನ ಕೆಂಪು. ಉಂಗುರದ್ದು ನೀರಲ್ಲಿ ನೆನೆಸಿಟ್ಟ ಹಾಗೆ ತೆಳು ಗುಲಾಬಿ. 'ಕಲ್ಲು ಬದಲಾಯಿಸಿದಾರೆ ಕಣೇ' ಎಂದು ಫೋನಿನಲ್ಲಿ ಅತ್ತಳು. ಅಂಗಡಿಯವರ ಜೊತೆ ಜಗಳವಾಯಿತು. ಅವರು 'ನೀವು ಕೊಟ್ಟದ್ದೇ ಅಮ್ಮಾ' ಎಂದರು. ರಸೀದಿಯಲ್ಲಿ ಇದ್ದದ್ದು 'ಹಳೆ ಓಲೆ 1' ಎಂಬ ಒಂದೇ ಸಾಲು. ಯಾರನ್ನು ನಂಬುವುದು? 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಅಂತ ಚಿಕ್ಕಮ್ಮ ಗಾದೆ ಬೇರೆ ಸೇರಿಸಿದರು. ಉಂಗುರ ನಾಲ್ಕು ವರ್ಷ ಬೀರುವಿನ ಒಳಗೇ ಇತ್ತು.

ಆಮೇಲೆ ಒಂದು ದೀಪಾವಳಿಗೆ ಊರಿಗೆ ಹೋದಾಗ ಕೊಪ್ಪದಲ್ಲಿ ವಯಸ್ಸಾದ ಆಚಾರ್ರೊಬ್ಬರ ಹತ್ತಿರ ಇನ್ನೊಂದು ಓಲೆ ತೋರಿಸಿದಳು. ಅವರು ಅವಳ ಎದುರಿಗೇ ಕಟ್ಟು ಬಿಡಿಸಿ ಕಲ್ಲನ್ನು ಚಿಮಟದಲ್ಲಿ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟರು. ಅದೂ ತೆಳು ಗುಲಾಬಿ! ಓಲೆಯ ಗೂಡಿನೊಳಗೆ ಒಂದು ಚೂರು ಕೆಂಪು ಬೇಗಡೆ ಮಿಣಮಿಣ ಎನ್ನುತ್ತಿತ್ತು. 'ಕಲ್ಲು ಹೋಗಿಲ್ಲ ತಂಗಿ, ಬೇಗಡೆ ಹೋಗಿದೆ, ಅಷ್ಟೇ' ಎಂದರಂತೆ ಆಚಾರ್ರು.

ವಿಷಯ ಇಷ್ಟೇ. ಹಿಂದಿನ ಕಾಲದ ಕುಂದಣದ ಕೆಲಸದಲ್ಲಿ ಕಲ್ಲಿನ ಹಿಂಭಾಗ ಮುಚ್ಚಿರುತ್ತದೆ. ಕಲ್ಲಿನ ಕೆಳಗೆ ಹೊಳೆಯುವ ಬೇಗಡೆ ಇಡುತ್ತಿದ್ದರು. ಬೆಳಕು ಅದಕ್ಕೆ ಬಡಿದು ವಾಪಸ್ಸು ಬರುವಾಗ ತೆಳು ಬಣ್ಣದ ಕಲ್ಲೂ ಕೆಂಡದ ಹಾಗೆ ಕಾಣುತ್ತದೆ. ಇದು ಮೋಸವಲ್ಲ, ಆ ಕಸುಬಿನ ಜಾಣತನ. ಈಗಿನ ಉಂಗುರದಲ್ಲಿ ಕೆಳಭಾಗ ತೆರೆದಿರುವುದೇ ಹೆಚ್ಚು. ಬೇಗಡೆ ಇಲ್ಲ ಎಂದಮೇಲೆ ಆ ಬಣ್ಣ ಎಲ್ಲಿಂದ ಬರಬೇಕು? ಅಂಗಡಿಯವರು ಮೊದಲೇ ಕಲ್ಲು ಬಿಚ್ಚಿ ಇವಳಿಗೆ ತೋರಿಸಿದ್ದರೆ, ಅಥವಾ ಇವಳೇ ಕೇಳಿದ್ದರೆ, ನಾಲ್ಕು ವರ್ಷದ ಸಂಕಟ ಇರುತ್ತಿರಲಿಲ್ಲ. ಒಬ್ಬ ಕೆಲಸಗಾರನ ಮೇಲೆ ಕಳ್ಳತನದ ಮಾತೂ ಬರುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಹಳೆಯ ಒಡವೆಯ ಕಲ್ಲನ್ನು ನಿಮ್ಮ ಕಣ್ಣೆದುರಿಗೇ ಬಿಡಿಸಲು ಹೇಳಿ. ಅರ್ಧ ಗಂಟೆಯ ಕೆಲಸ. ಸಂಕೋಚ ಬೇಡ. ಬಿಚ್ಚಿದ ಕಲ್ಲನ್ನು ಬಿಳಿ ಕಾಗದದ ಮೇಲಿಟ್ಟು ಬಾಗಿಲ ಬೆಳಕಿನಲ್ಲಿ ನೋಡಿ (ಅಂಗಡಿಯ ಹಳದಿ ದೀಪದ ಕೆಳಗೆ ಎಲ್ಲ ಕೆಂಪೂ ಚೆನ್ನಾಗಿಯೇ ಕಾಣುತ್ತದೆ). ಮೊಬೈಲಿನಲ್ಲಿ ಮುಂದೆ, ಹಿಂದೆ, ಪಕ್ಕ ಫೋಟೋ ತೆಗೆಯಿರಿ. ಒಳಗೆ ಗೆರೆ, ಚುಕ್ಕೆ ಇದ್ದರೆ ಅದೂ ಕಾಣುವಂತಿರಲಿ, ಅದೇ ಕಲ್ಲಿನ ಗುರುತು. ಆಮೇಲೆ ತೂಕ. ಕ್ಯಾರೆಟ್‌ನಲ್ಲಿ, ದಶಮಾಂಶದ ಎರಡು ಸ್ಥಾನದವರೆಗೆ ರಸೀದಿಯಲ್ಲಿ ಬರೆಸಿಕೊಳ್ಳಿ. 2.37 ಎಂದರೆ 2.37. 'ಸುಮಾರು ಎರಡೂವರೆ' ಎನ್ನುವ ಮಾತು ಬೇಡ. 'ರತ್ತಿ'ಯ ಲೆಕ್ಕವೂ ಬೇಡ. ರತ್ತಿಯ ಅಳತೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಕ್ಯಾರೆಟ್ ಎಲ್ಲಿ ಹೋದರೂ 200 ಮಿಲಿಗ್ರಾಂ.

ಇದು ನಿಜವಾದ ಕೆಂಪೇ?

ಅಜ್ಜಿ 'ಬರ್ಮಾ ಕೆಂಪು' ಎಂದಿದ್ದರೆ ಬರ್ಮಾದ್ದೇ ಆಗಿರಬೇಕೆಂದಿಲ್ಲ. ಮಾಣಿಕ್ಯವನ್ನು ಬೆಂಕಿಯ ಜ್ವಾಲೆಯಲ್ಲಿ ಕೃತಕವಾಗಿ ಬೆಳೆಸುವ ವಿಧಾನವನ್ನು ಫ್ರಾನ್ಸಿನ ವರ್ನಾಯ್ 1902ರಲ್ಲೇ ಪ್ರಕಟಿಸಿದ್ದ. ಅಂದರೆ ನಮ್ಮ ಅಜ್ಜಿಯರ ಮದುವೆಯ ಹೊತ್ತಿಗೆ ಕೃತಕ ಕೆಂಪು ಪೇಟೆಗೆ ಬಂದು ಎಷ್ಟೋ ಕಾಲವಾಗಿತ್ತು. ಹೊಸದಾಗಿ ದುಡ್ಡು ಕೊಟ್ಟು ಕಲ್ಲು ಕೊಳ್ಳುವವರು ಪ್ರಯೋಗಾಲಯದ ಸರ್ಟಿಫಿಕೇಟ್ ಇಲ್ಲದೆ ಕೊಳ್ಳಲೇಬಾರದು. ಜೈಪುರದ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ 1972ರಲ್ಲೇ ಈ ಕೆಲಸ ಶುರು ಮಾಡಿತ್ತು. ಬೆಂಗಳೂರಿನಲ್ಲೂ ಖಾಸಗಿ ಪ್ರಯೋಗಾಲಯಗಳಿವೆ. ಉಂಗುರಕ್ಕೆ ಕೂರಿಸುವ ಮುಂಚೆಯೇ, ಬಿಡಿ ಕಲ್ಲನ್ನೇ ಕೊಡಿ. ನನ್ನ ಗೆಳತಿ ಮಾತ್ರ ಪರೀಕ್ಷೆ ಬೇಡ ಎಂದಳು. 'ಅಮ್ಮನ ಕಲ್ಲು, ಮಾರುವುದಿಲ್ಲ, ತಿಳಿದು ಏನಾಗಬೇಕು?' ಅದೂ ಸರಿಯೇ.

ಹೊಸ ಕೆಂಪು ಕೊಳ್ಳುವವರು ಇನ್ನೊಂದು ಮಾತು ಕೇಳಬೇಕು: 'ಗಾಜು ತುಂಬಿದ್ದಾ?' ಬಿರುಕು ತುಂಬಿದ ಕಳಪೆ ಮಾಣಿಕ್ಯಕ್ಕೆ ಸೀಸದ ಗಾಜನ್ನು ತುಂಬಿ ಹೊಳಪು ಬರಿಸುವ ಪದ್ಧತಿ 2004ರ ಸುಮಾರಿಗೆ ಪೇಟೆಗೆ ಬಂತು. ನೋಡಲು ಬಹಳ ಚೆಂದ, ಬೆಲೆಯೂ ಕಡಿಮೆ. ಆದರೆ ಬೆಸುಗೆಯ ಉರಿ ತಗುಲಿದರೆ ಕೆಟ್ಟಿತು. ಅಷ್ಟೇಕೆ, ನಿಂಬೆಹಣ್ಣಿನ ರಸ ಸಾಕು ಆ ಗಾಜನ್ನು ತಿನ್ನುವುದಕ್ಕೆ! ಚಿತ್ರಾನ್ನ ಕಲಸುವ ಕೈಗೆ ಇದು ಆಗುವ ಮಾತೇ?

ಮುತ್ತು ಬೇಡವೇ ಬೇಡ

ಊರಿನ ಹೆಸರಿನಲ್ಲೇ ಮುತ್ತಿದೆ ಅಂತ ಗೆಳತಿ ಮಗಳಿಗೆ ಮುತ್ತಿನ ಉಂಗುರ ಮಾಡಿಸುವ ಯೋಚನೆಯಲ್ಲಿದ್ದಳು. ನಾನೇ ತಡೆದೆ. ಸರಕ್ಕೆ, ಓಲೆಗೆ ಮುತ್ತು ಸೊಗಸು. ದಿನಾ ಹಾಕುವ ಉಂಗುರಕ್ಕೆ ಅಲ್ಲ. ವಜ್ರದ ಗಡಸುತನ 10 ಎಂದಿಟ್ಟುಕೊಂಡರೆ ಕೆಂಪು, ನೀಲ, ಪುಷ್ಯರಾಗಗಳದ್ದು 9. ಪಚ್ಚೆಯದು ಏಳೂವರೆಯಿಂದ ಎಂಟು. ಹವಳ, ಮುತ್ತುಗಳದ್ದು ಮೂರು–ನಾಲ್ಕರ ಆಸುಪಾಸು. ಮನೆಯ ಧೂಳಿನಲ್ಲಿರುವ ಮರಳಿನ ಕಣದ್ದೇ 7. ಅಂದರೆ ಬರೀ ಟೇಬಲ್ ಒರೆಸಿದರೂ ಮುತ್ತಿಗೆ ಗೀರು. ಮುತ್ತು, ಹವಳ ಎರಡೂ ಸುಣ್ಣದ ಜಾತಿ. ಹುಣಸೆಹುಳಿ, ನಿಂಬೆ, ಬೆವರು ಎಲ್ಲವೂ ಅವಕ್ಕೆ ಶತ್ರುಗಳು. ಪಚ್ಚೆ ಗಟ್ಟಿಯಿದ್ದರೂ ಒಳಗೆ ಬಿರುಕು ಜಾಸ್ತಿ. ಅದನ್ನು ಮರೆಸಲು ಸಾಮಾನ್ಯವಾಗಿ ಎಣ್ಣೆ ಹಾಕಿರುತ್ತಾರೆ. ಬಿಸಿನೀರು, ಸೋಪಿನಲ್ಲಿ ಆ ಎಣ್ಣೆ ಹೋಗಿ ಕಲ್ಲು ಮಂಕಾಗುತ್ತದೆ.

ನವರತ್ನದ ಉಂಗುರದ ಗೋಳೂ ಇದೇ. ವಜ್ರದ ಪಕ್ಕದಲ್ಲಿ ಮುತ್ತನ್ನೂ ಹವಳವನ್ನೂ ಕೂರಿಸಿದರೆ ಒಂಬತ್ತರಲ್ಲಿ ಮೊದಲು ಸವೆಯುವುದು ಅವೆರಡೇ. ಇನ್ನು ಯಾವ ಕಲ್ಲು ಯಾವ ರಾಶಿಗೆ ಎನ್ನುವುದು ನಿಮ್ಮ ನಂಬಿಕೆ, ನಾನು ಮಾತಾಡುವುದಿಲ್ಲ. ಆದರೆ ಕಲ್ಲು ಹಾಕಿಕೊಳ್ಳಿ ಎಂದು ಹೇಳಿದವರ ಹತ್ತಿರವೇ ಕಲ್ಲು ಕೊಳ್ಳಬೇಡಿ.

ಚಿನ್ನದ ಲೆಕ್ಕ ಗೊತ್ತಿರಲಿ

ಇಲ್ಲಿ ಎಷ್ಟೋ ಜನ ಏಮಾರುವುದು ಒಂದು ಪದದಿಂದ. ಕಲ್ಲಿಗೆ 'ಕ್ಯಾರೆಟ್' ಎಂದರೆ ತೂಕ, ಚಿನ್ನಕ್ಕೆ 'ಕ್ಯಾರೆಟ್' ಎಂದರೆ ಶುದ್ಧತೆ. 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಭಾಗ ಚಿನ್ನ, 18ರಲ್ಲಿ 75 ಭಾಗ. ಹರಳು ಹಿಡಿಯಲು 18 ಕ್ಯಾರೆಟ್ ಗಟ್ಟಿ, ಅದನ್ನೇ ಮಾಡಿಸಿ ಎಂದು ಅಂಗಡಿಯವರು ಹೇಳಿದರೆ ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ನೀವು 22 ಕ್ಯಾರೆಟ್ಟಿನ 6 ಗ್ರಾಂ ಕೊಟ್ಟರೆ ಅದರಲ್ಲಿ ಶುದ್ಧ ಚಿನ್ನ ಐದೂವರೆ ಗ್ರಾಂ. ಅವರು 18 ಕ್ಯಾರೆಟ್ಟಿನ 6 ಗ್ರಾಂ ಉಂಗುರ ವಾಪಸ್ಸು ಕೊಟ್ಟರೆ ಅದರಲ್ಲಿರುವುದು ನಾಲ್ಕೂವರೆ ಗ್ರಾಂ. ತೂಕ ಸರಿಯಿದೆ ಎಂದು ನೀವು ಖುಷಿಯಾಗಿ ಮನೆಗೆ ಬರುತ್ತೀರಿ, ಒಂದು ಗ್ರಾಂ ಅಪರಂಜಿ ಅಂಗಡಿಯಲ್ಲೇ ಉಳಿದಿರುತ್ತದೆ! ಆ ಒಂದು ಗ್ರಾಮಿನ ಬೆಲೆ ಮಜೂರಿಯಲ್ಲಿ ಕಳೆಯುತ್ತಾರಾ ಎಂದು ಮೊದಲೇ ಕೇಳಿ. ತೇಮಾನು ಎಷ್ಟು, ಮಜೂರಿ ಎಷ್ಟು, ಬೇರೆ ಬೇರೆಯಾಗಿ ಬರೆಸಿ.

ಹಾಗೆಯೇ, ಅಜ್ಜಿಯ ಒಡವೆಯೆಲ್ಲ 22 ಕ್ಯಾರೆಟ್ ಎಂದೂ ತಿಳಿಯಬೇಡಿ. 1963ರಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮದಿಂದಾಗಿ ಕೆಲಕಾಲ 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತೆಯೇ ಇರಲಿಲ್ಲ. ದೇಶದ ತುಂಬ ಅಕ್ಕಸಾಲಿಗರು ಕೆಲಸವಿಲ್ಲದೆ ಕೂತ ಕಾಲ ಅದು. ಆ ವರ್ಷಗಳ ಒಡವೆಯಾಗಿದ್ದರೆ ಕಡಿಮೆ ಬಂದರೆ ಆಶ್ಚರ್ಯವಿಲ್ಲ. ಹಳೆಯ ಓಲೆಯೊಳಗೆ ಅರಗೂ ಇರಬಹುದು, ಅದರ ತೂಕ ಚಿನ್ನದ್ದಲ್ಲ. ಕರಗಿಸಿದ ಗಟ್ಟಿಯನ್ನೇ ಪರೀಕ್ಷೆ ಮಾಡಿಸಿ ತೂಕ ಬರೆಸಿಕೊಳ್ಳುವುದು ಕ್ಷೇಮ. ಉಂಗುರ ಕೈಗೆ ಬಂದಾಗ ಒಟ್ಟು ತೂಕದಿಂದ ಕಲ್ಲಿನ ತೂಕ ಕಳೆದಿದ್ದಾರಾ ನೋಡಿ. ಐದು ಕ್ಯಾರೆಟ್ಟಿನ ಪುಷ್ಯರಾಗ ಎಂದರೆ ಸರಿಯಾಗಿ ಒಂದು ಗ್ರಾಂ. ಅದನ್ನು ಚಿನ್ನದ ರೇಟಿನಲ್ಲಿ ಹಾಕಿಸಿಕೊಂಡು ಬಂದವರನ್ನು ನಾನು ಬಲ್ಲೆ.

ಅಂಗಡಿಯ ಚಿನ್ನದಲ್ಲೇ ಮಾಡಿಸುವುದಾದರೆ ಹಾಲ್‌ಮಾರ್ಕ್ ಕೇಳಿ. ಜೂನ್ 2021ರಿಂದ ಹಂತ ಹಂತವಾಗಿ ಕಡ್ಡಾಯವಾದ ಇದರಲ್ಲಿ ಬಿಐಎಸ್ ಗುರುತು, ಶುದ್ಧತೆ (22ಕೆ916, 18ಕೆ750 ಹೀಗೆ) ಮತ್ತು ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಇರುತ್ತವೆ. ಆ ಆರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಸಾಚಾ ಹೌದೋ ಅಲ್ಲವೋ ತಿಳಿಯುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ, ಕುಂದಣದ ಒಡವೆಗೆ ಮತ್ತು ವರ್ಷಕ್ಕೆ 40 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ಅಂಗಡಿಗೆ ವಿನಾಯಿತಿ ಇದೆ. ಹಾಗಾಗಿ ಊರಿನ ಆಚಾರ್ರ ಕೆಲಸದಲ್ಲಿ ಹಾಲ್‌ಮಾರ್ಕ್ ಇಲ್ಲ ಎಂದ ಮಾತ್ರಕ್ಕೆ ಅದು ಖೋಟಾ ಅಲ್ಲ. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಮಾತು ಮಾತ್ರ, ಕಲ್ಲಿನದಲ್ಲ. ನೆನಪಿರಲಿ.

ಅಳತೆ ಮತ್ತು ಕಟ್ಟು

ಬೆರಳಿನ ಅಳತೆಯನ್ನು ಬೆಳಿಗ್ಗೆ ತಣ್ಣೀರಲ್ಲಿ ಕೈ ತೊಳೆದ ಕೂಡಲೇ ಕೊಡಬೇಡಿ. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಕೊಡಿ, ಆಗ ಬೆರಳು ಸ್ವಲ್ಪ ಊದಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸಲೀಸಾಗಿ ಹೋದ ಉಂಗುರ ಏಪ್ರಿಲ್‌ನಲ್ಲಿ ಬರುವುದೇ ಇಲ್ಲ. ಆಮೇಲೆ ದೊಡ್ಡದು ಮಾಡಿಸಬೇಕೆಂದರೆ ಮತ್ತೆ ಉರಿ, ಮತ್ತೆ ಕಲ್ಲು ಬಿಚ್ಚುವುದು. ಕಲ್ಲು ಕೂರಿಸುವ ಮುಂಚೆಯೇ ಬರೀ ಉಂಗುರವನ್ನು ಒಮ್ಮೆ ಹಾಕಿ ನೋಡಿ. ಕೊಕ್ಕೆಗಳು ಹಿಡಿದ ಕಲ್ಲಿಗೆ ಬೆಳಕು ಚೆನ್ನಾಗಿ ಬರುತ್ತದೆ, ಆದರೆ ರೇಷ್ಮೆ ಸೀರೆಯ ಎಳೆ ಕಿತ್ತು ಬರುತ್ತದೆ, ಚಪಾತಿ ಹಿಟ್ಟು ಅಡಿಗೆ ಸೇರುತ್ತದೆ. ಸುತ್ತ ಅಂಚು ಕಟ್ಟಿದ ಉಂಗುರವೇ ಗೃಹಿಣಿಯರಿಗೆ ವಾಸಿ.

ಗೆಳತಿಯ ಎರಡನೇ ಕಲ್ಲೂ ಈಗ ಮಗಳ ಉಂಗುರದಲ್ಲಿದೆ. ಅದನ್ನು ಆಚಾರ್ರೇ ಮಾಡಿಕೊಟ್ಟರು. ಹಿಂದೆ ಬೇಗಡೆ ಇಟ್ಟು, ಹಳೇ ಕ್ರಮದಲ್ಲೇ ಮುಚ್ಚಿ. 'ನೀರು ಒಳಗೆ ಹೋದರೆ ಬೇಗಡೆ ಕಪ್ಪಾಗ್ತದೆ, ಕೈ ತೊಳೆಯೋವಾಗ ತೆಗೆದಿಡಬೇಕು' ಎಂದು ಮೂರು ಸಲ ಹೇಳಿ ಕಳಿಸಿದರಂತೆ. ಇವಳ ತೆಳು ಗುಲಾಬಿಯ ಉಂಗುರ ಬೀರುವಿನಿಂದ ಹೊರಗೆ ಬಂದು ಬೆರಳು ಸೇರಿದೆ. ಬೆಂಗಳೂರಿನ ಅಂಗಡಿಗೆ ಹೋಗಿ 'ನನ್ನದೇ ತಪ್ಪು' ಎಂದು ಹೇಳಿಯೂ ಬಂದಳು. ಹಿಟ್ಟು ಕಲಸುವಾಗ ಉಂಗುರ ತೆಗೆದು ಕಿಟಕಿಯ ಮೊಳೆಗೆ ಸಿಕ್ಕಿಸುತ್ತಾಳೆ. ನೀವೂ ಎಲ್ಲಿ ಬೇಕಾದರೂ ಇಡಿ, ಸಿಂಕಿನ ಅಂಚಿನಲ್ಲಿ ಮಾತ್ರ ಬೇಡ.