ಸಾಹಸ ಬಂಡವಾಳ: ಸಾಲವಲ್ಲ, ಪಾಲು



ಕೊಳ್ಳೇಗಾಲದ ನೇಕಾರರೊಬ್ಬರು ಇನ್ನೊಂದು ಮಗ್ಗ ಹಾಕಬೇಕಾದರೆ ಏನು ಮಾಡುತ್ತಾರೆ? ಬ್ಯಾಂಕಿನಲ್ಲಿ ಸಾಲ ಕೇಳುತ್ತಾರೆ. ರೇಷ್ಮೆ ಸೀರೆಯ ವ್ಯಾಪಾರ ಬ್ಯಾಂಕಿಗೆ ಗೊತ್ತಿರುವಂಥದು. ಆಧಾರ ಪಡೆದು ಹಣ ಕೊಡುತ್ತದೆ. ಲಾಭ ಬರಲಿ, ನಷ್ಟವಾಗಲಿ, ತಿಂಗಳು ತಿಂಗಳೂ ಕಂತು ಕಟ್ಟಲೇಬೇಕು.

ಈಗ ಇನ್ನೊಂದು ಸಂದರ್ಭ ಊಹಿಸಿಕೊಳ್ಳಿ. ಹನೂರಿನ ರೈತರೊಬ್ಬರ ಮಗಳು ಎಂಜಿನಿಯರಿಂಗ್ ಓದಿ, ರೇಷ್ಮೆಗೂಡಿನ ಗುಣಮಟ್ಟ ಅಳೆಯುವ ಹೊಸ ಯಂತ್ರವೊಂದನ್ನು ರೂಪಿಸಿದ್ದಾಳೆ. ಅದು ಗೆದ್ದರೆ ಊರೂರಿನ ಗೂಡಿನ ಮಾರುಕಟ್ಟೆಗಳಿಗೂ ಬೇಕಾಗುತ್ತದೆ. ಸೋತರೆ ಹಾಕಿದ ಹಣ ಹೋದಂತೆಯೇ. ಮೊದಲ ಎರಡು ಮೂರು ವರ್ಷ ಆದಾಯವೂ ಇರದು. ಅಡವಿಡಲು ಇರುವುದು ತಂದೆಯ ಹಿಪ್ಪುನೇರಳೆ ತೋಟ ಮಾತ್ರ. ಆಕೆ ಏನು ಮಾಡಬೇಕು?

ಇಂಥ ಕಡೆ ನೆರವಾಗುವುದೇ ಸಾಹಸ ಬಂಡವಾಳ, ಅಂದರೆ ವೆಂಚರ್ ಕ್ಯಾಪಿಟಲ್. ಹೂಡಿಕೆದಾರರು 20 ಲಕ್ಷ ರೂಪಾಯಿ ಕೊಟ್ಟು, ಆಕೆಯ ಕಂಪನಿಯ ಶೇಕಡ 40ರಷ್ಟು ಷೇರು ಪಡೆದರು ಎನ್ನೋಣ. ಬಡ್ಡಿಯಿಲ್ಲ, ಕಂತಿಲ್ಲ. ಕಂಪನಿ ಮುಳುಗಿದರೆ ಅವರ ಹಣವೂ ಮುಳುಗುತ್ತದೆ. ತಂದೆಯ ತೋಟ ಉಳಿಯುತ್ತದೆ. ಕಂಪನಿಯ ಬೆಲೆ 5 ಕೋಟಿಗೆ ಏರಿದರೆ ಅವರ ಪಾಲು 2 ಕೋಟಿ. ಹೀಗೆ ಹಲವು ಕಂಪನಿಗಳಲ್ಲಿ ಹಣ ತೊಡಗಿಸಿ, ಸೋತ ಕಡೆಯ ನಷ್ಟವನ್ನು ಒಂದೆರಡರ ಗೆಲುವಿನಲ್ಲಿ ತುಂಬಿಕೊಳ್ಳುತ್ತಾರೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ನಿದರ್ಶನವಿದೆ. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ, 10,000 ರೂಪಾಯಿಯಿಂದ ಬಯೋಕಾನ್ ಆರಂಭಿಸಿದರು. ಕಿಣ್ವ ತಯಾರಿಕೆ ಅಂದು ಯಾರಿಗೂ ಪರಿಚಯವಿಲ್ಲದ ಉದ್ಯಮ. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. 1980ರ ದಶಕದ ಕೊನೆಯ ವೇಳೆಗೆ, ಎನ್. ವಾಘುಲ್ ಅವರ ನೇತೃತ್ವದಲ್ಲಿದ್ದ ಐಸಿಐಸಿಐ ಸಂಸ್ಥೆಯ ಬೆಂಬಲದಿಂದ ಸಾಹಸ ಬಂಡವಾಳ ದೊರೆತು, ಸಂಶೋಧನೆ ಮುಂದುವರಿಯಿತು. 2004ರಲ್ಲಿ ಬಯೋಕಾನ್ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು.

ಆದರೆ ಈ ಹಣ ಪುಕ್ಕಟೆಯಲ್ಲ. ಪಾಲು ಕೊಟ್ಟ ಮೇಲೆ ನಿರ್ಧಾರಗಳಲ್ಲಿ ಹೂಡಿಕೆದಾರರ ಮಾತೂ ನಡೆಯುತ್ತದೆ. ಕೆಲವು ವರ್ಷಗಳಲ್ಲಿ ತಮ್ಮ ಷೇರು ಮಾರಿ ಹೊರಡುವುದು ಅವರ ಉದ್ದೇಶ. ಅಷ್ಟರೊಳಗೆ ಕಂಪನಿ ಬೇಗ ಬೆಳೆಯಬೇಕೆಂಬ ಒತ್ತಡವಿರುತ್ತದೆ. ಆದ್ದರಿಂದ ಎಷ್ಟು ಪಾಲು ಬಿಟ್ಟುಕೊಡಬೇಕೆಂಬುದನ್ನು ಸಹಿ ಹಾಕುವ ಮುನ್ನವೇ ಯೋಚಿಸಬೇಕು.

ಎಲ್ಲ ಉದ್ಯಮಕ್ಕೂ ಇದು ಒಗ್ಗದು. ಯಳಂದೂರಿನ ದಿನಸಿ ಅಂಗಡಿಗೆ, ಕೊಳ್ಳೇಗಾಲದ ಒಂದು ಮಗ್ಗಕ್ಕೆ ಸಾಲವೇ ಸರಿ: ಕಂತು ತೀರಿದ ದಿನ ಅಂಗಡಿ ಪೂರ್ತಿ ನಿಮ್ಮದು. ಅಪಾಯ ಹೆಚ್ಚು, ಆದರೆ ಒಂದು ನೂರಾಗಿ ಬೆಳೆಯಬಲ್ಲದು ಎನ್ನುವ ಕೆಲಸಕ್ಕೆ ಪಾಲುದಾರರು ಬೇಕು.

ನಿಮ್ಮ ಊರಿನ ಐದು ಉದ್ಯಮಗಳನ್ನು ಪಟ್ಟಿಮಾಡಿ. ಯಾವುದಕ್ಕೆ ಸಾಲ ತಕ್ಕದ್ದು, ಯಾವುದಕ್ಕೆ ಸಾಹಸ ಬಂಡವಾಳ? ಗೆಳೆಯರೊಂದಿಗೆ ಚರ್ಚಿಸಿ ನೋಡಿ.