ಆರೈಕೆ ಮಾಡುವವರ ಆರೋಗ್ಯವನ್ನೂ ಕಾಯೋಣ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಿಂದ ಬೆಳಗಿನ ಬಸ್ಸಿಗೇ ಹೊರಟು ಬರುವ ತಮಗೆ ತಮ್ಮ ರೋಗಿಯದೇ ಚಿಂತೆ. ಅದು ಸಹಜ. ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತ ಸಿಸ್ಟರ್‌ಗೆ, ರಕ್ತ ತೆಗೆಯುವ ಲ್ಯಾಬಿನವರಿಗೆ, ವಾರ್ಡ್ ಗುಡಿಸುವ ಆಯಾಗೆ ಇಲ್ಲಿ ಏನು ಅಪಾಯವಿದೆ ಎಂದು ಕೇಳುವವರು ಕಡಿಮೆ. ಅದನ್ನು ತಪ್ಪಿಸುವ ಕೆಲಸದಲ್ಲಿ ತಮ್ಮ ಪಾಲೂ ಇದೆ.

ಮೊದಲನೆಯದು ಸೂಜಿ. ರೋಗಿಗೆ ಚುಚ್ಚಿ ತೆಗೆದ ಸೂಜಿಯ ಒಳಗೆ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರುತ್ತದೆ. ಅದು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್.ಐ.ವಿ. ದಾಟಬಹುದು. ಜನ ಹೆದರುವುದು ಎಚ್.ಐ.ವಿ.ಗೆ. ಆದರೆ ಎಚ್.ಐ.ವಿ. ಇರುವವರ ಸೂಜಿ 1,000 ಸಲ ಚುಚ್ಚಿದರೆ ಸುಮಾರು 3 ಸಲ ಮಾತ್ರ ಅದು ಅಂಟುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ 100ರಲ್ಲಿ 30 ಸಲದವರೆಗೂ ಅಂಟಬಲ್ಲದು. ಇದಕ್ಕೆ 3 ಡೋಸಿನ ಒಳ್ಳೆಯ ಲಸಿಕೆ ಇದೆ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಶರಣರು ಸಾರಿದ ನಾಡಿನಲ್ಲೂ ಲಸಿಕೆಯ ಪಟ್ಟಿಯಲ್ಲಿ ಗುಡಿಸುವವರ ಹೆಸರು ಎಷ್ಟೋ ಕಡೆ ಕೊನೆಗೆ ಬರುತ್ತದೆ.

ಸೂಜಿ ಚುಚ್ಚಿದವರು ಕೂಡಲೇ ಸೋಪು ನೀರಿನಿಂದ ತೊಳೆದುಕೊಳ್ಳಬೇಕು. ಹಿಂಡಬಾರದು, ಬೆರಳನ್ನು ಬಾಯಿಗಿಡಬಾರದು. ಎಚ್.ಐ.ವಿ. ಸಂಶಯವಿದ್ದರೆ ಸಾಧ್ಯವಾದರೆ 2 ಗಂಟೆಯೊಳಗೆ, ಹೇಗೂ 72 ಗಂಟೆ ಮೀರದಂತೆ ಮಾತ್ರೆ ಆರಂಭಿಸಿ 28 ದಿನ ನುಂಗಬೇಕು. ಆಮೇಲೆ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಹೆಣ್ಣುಮಗಳು ಮನೆಯಲ್ಲಿ ಯಾವ ಮನಸ್ಸಿನಿಂದ ಇರುತ್ತಾಳೆ, ಯೋಚಿಸಿ.

ಸಕ್ಕರೆ ಕಾಯಿಲೆಯವರು ಮನೆಯಿಂದ ತಂದ ಇನ್ಸುಲಿನ್ ಸೂಜಿಯನ್ನು, ಬೆರಳು ಚುಚ್ಚುವ ಮುಳ್ಳನ್ನು ತಿಂಡಿಯ ಕಾಗದದಲ್ಲಿ ಸುತ್ತಿ ಮಂಚದ ಕೆಳಗಿನ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ತುಂಬಿದಾಗ ಆಯಾ ಕಸವನ್ನು ಕೈಯಿಂದಲೇ ಒತ್ತುತ್ತಾಳೆ. ದಯವಿಟ್ಟು ಅವನ್ನು ಸಿಸ್ಟರ್ ಬಳಿ ಕೊಡಿ. 2016ರ ತ್ಯಾಜ್ಯ ನಿಯಮದಂತೆ ಸೂಜಿ, ಬ್ಲೇಡುಗಳಿಗೆಂದೇ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಇರುತ್ತದೆ. ನೆಲದಲ್ಲಿ ಸೂಜಿ ಕಂಡರೆ ತಾವು ಎತ್ತಬೇಡಿ, ಕರೆದು ತೋರಿಸಿ. ಮಗುವಿಗೆ ಇಂಜೆಕ್ಷನ್ ಕೊಡುವಾಗ ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಮಗು ಕೊಸರಿದಾಗಲೂ ಸೂಜಿ ಸಿಸ್ಟರ್ ಕೈಗೆ ತಾಗುತ್ತದೆ.

ಎರಡನೆಯದು ಕೆಮ್ಮು. ಎರಡು ವಾರ ಮೀರಿದ ಕೆಮ್ಮಿದ್ದರೆ ಚೀಟಿ ಮಾಡಿಸುವಾಗಲೇ ಹೇಳಿ, ಮಾಸ್ಕ್ ಇಲ್ಲದಿದ್ದರೆ ಟವೆಲನ್ನಾದರೂ ಬಾಯಿಗೆ ಅಡ್ಡ ಹಿಡಿಯಿರಿ. ಕ್ಷಯ ಗಾಳಿಯಲ್ಲಿ ಹರಡುತ್ತದೆ. ದಿನವಿಡೀ ಅದೇ ಗಾಳಿ ಉಸಿರಾಡುವವರು ಸಿಬ್ಬಂದಿ. ನೋಡಲು ಬರುವವರ ಸಂಖ್ಯೆಯನ್ನೂ ಕಡಿಮೆ ಮಾಡಿ. ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಹುಳುಮನೆಗೆ ಹೊರಗಿನವರನ್ನು ಬಿಡದೆ, ಕೈಕಾಲು ತೊಳೆಯದೆ ತಾವೂ ಒಳಗೆ ಹೋಗದೆ ಸುಣ್ಣಕಟ್ಟು ರೋಗವನ್ನು ತಡೆಯುವವರು ತಾವೇ ಅಲ್ಲವೇ?

ಮೂರನೆಯದು ಕೋಪ. 2020ರ ಮಾರ್ಚಿನಲ್ಲಿ ರಾಜ್ಯದಲ್ಲಿ ಕೋವಿಡ್ ಮೊದಮೊದಲು ಕಾಣಿಸಿಕೊಂಡ ಊರುಗಳಲ್ಲಿ ಗೌರಿಬಿದನೂರೂ ಒಂದು. ಆಗ ಹೆಸರೂ ಹೊಸದಾಗಿದ್ದ ರೋಗದ ನಡುವೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದರು. ಮರುತಿಂಗಳೇ ಬೆಂಗಳೂರಿನ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕದವರನ್ನು ಕರೆದೊಯ್ಯಲು ಹೋದ ತಂಡದ ಮೇಲೆ ದಾಳಿ ನಡೆಯಿತು. ಅದಕ್ಕೂ ಮೊದಲೇ, 2009ರಲ್ಲಿ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನಿಲ್ಲದ ಅಪರಾಧವೆಂದು ಕರ್ನಾಟಕ ಕಾಯ್ದೆ ಮಾಡಿತ್ತು.

ಕಾಯ್ದೆಯಿಂದ ದುಃಖ ನಿಲ್ಲುವುದಿಲ್ಲ, ಅದು ನಮಗೂ ಗೊತ್ತು. ಆದರೆ ಒಬ್ಬ ಸಿಸ್ಟರ್ ಮೇಲೆ ಕೈ ಎತ್ತಿದ ಆ ಅರ್ಧ ಗಂಟೆ ಉಳಿದ ರೋಗಿಗಳ ಡ್ರಿಪ್ ನೋಡುವವರು ಇರುವುದಿಲ್ಲ. ಚಿಕಿತ್ಸೆಯ ಬಗ್ಗೆ ಸಂಶಯವಿದ್ದರೆ ವೈದ್ಯರನ್ನು ಕುಳಿತು ಮಾತನಾಡಲು ಕೇಳಿ. ತೃಪ್ತಿಯಾಗದಿದ್ದರೆ ಆಡಳಿತ ಕಚೇರಿಗೆ ಬರೆದು ಕೊಡಿ. 2002ರ ವೈದ್ಯಕೀಯ ಪರಿಷತ್ತಿನ ನಿಯಮದಂತೆ, ರೋಗಿ ಅಥವಾ ಅಧಿಕೃತ ಬಂಧು ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಕೇಳಲು ಸಂಕೋಚ ಬೇಡ.