ಗಣಕ ಏಳದಿದ್ದರೆ ಕಡತ ಅಳಿದಂತಲ್ಲ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯೊಂದನ್ನು ಸ್ಥಳೀಯರು 'ಅಕ್ಷರಗುಂಡು' ಎನ್ನುತ್ತಿದ್ದರು. ಅಕ್ಷರವಿತ್ತು, ಓದುವವರಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅದು ಅಶೋಕನ ಶಾಸನವೆಂದು ಗುರುತಿಸಿದರು. ಏಳದ ಗಣಕದೊಳಗಿನ ಕಡತಗಳ ಸ್ಥಿತಿಯೂ ಅನೇಕ ವೇಳೆ ಹೀಗೆಯೇ.

ಸ್ವಿಚ್ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್. ಹಳೆಯ ಬಯಾಸ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ; ಇಂದಿನ ಯುಇಎಫ್‌ಐ ಪ್ರತ್ಯೇಕ ಪುಟ್ಟ ವಿಭಾಗದಲ್ಲಿ ಬೂಟ್‌ಲೋಡರ್ ಹುಡುಕುತ್ತದೆ. ಅದು ಸಿಗದಿದ್ದರೆ ಗಣಕ ಅಲ್ಲಿಯೇ ನಿಲ್ಲುತ್ತದೆ. ನಿಮ್ಮ ಛಾಯಾಚಿತ್ರ, ದಾಖಲೆಗಳಿರುವ ವಿಭಾಗ ಮಾತ್ರ ಸುರಕ್ಷಿತವಾಗಿರಬಹುದು.

ಆದ್ದರಿಂದ ಫಾರ್ಮ್ಯಾಟ್‌ಗೆ ಆತುರ ಬೇಡ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲನೆ ಮಾಡಿ, ಆ ವಿಭಾಗವನ್ನು ಮೌಂಟ್ ಮಾಡಿ, ಅಂದರೆ ಒಂದು ಫೋಲ್ಡರಿಗೆ ಜೋಡಿಸಿ. 'ಓದಲು ಮಾತ್ರ' ಎಂಬ ಆಯ್ಕೆಯಿರಲಿ. ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ವಿಭಾಗ ಗೂಢಲಿಪೀಕರಣಗೊಂಡಿದ್ದರೆ ಅದರ ಕೀಲಿ ಬೇಕು. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಕೂಡಲೇ ಆರಿಸಿ, ತಜ್ಞರಿಗೆ ಒಪ್ಪಿಸಿ.